ಪಶ್ಚಿಮ ಕರಾವಳಿಯ ಕಡಲು: ಜೀವಸಂಶೋಧನೆಯೂ ಮತ್ಸ್ಯಕೃಷಿಯೂ

ನೆಲದ ಅಂಚಿನಿಂದ ಮೊದಲ್ಗೊಂಡು ಸುಮಾರು 200 ಮೀಟರ್ ಆಳದವರೆಗೆ ಮೆಲ್ಲನೆ ಇಳಿಯುತ್ತ ಹೋಗುವ ಖಂಡಾವರಣದ ಮೇಲಿನ ಜಲರಾಶಿಯನ್ನೂ, ಅದರೊಡನೆ ಉಬ್ಬರವಿಳಿತಗಳ ಮೂಲಕ ಸಂಬಂಧವಿರಿಸಿಕೊಂಡ ಅಳಿವೆ, ಹಿನ್ನೀರು, ಕಾಂಡ್ಲಾಕಾಡುಗಳನ್ನೂ ಒಟ್ಟಾಗಿ ಕರಾವಳಿಯ ಕಡಲೆಂದು ಕರೆಯುವುದು ವಾಡಿಕೆ. ಮಹಾಸಾಗರಗಳ ವಿಸ್ತಾರದೆದುರು ಇದು ಅತ್ಯಲ್ಪವಾದ ಪಟ್ಟಿಯೇ ಸರಿ. ಆದರೂ ಮನುಷ್ಯನು ಹಿಡಿಯುವ ಕಡಲಮೀನಿನ ಬಹುಭಾಗ ದೊರೆಯುವುದು ಈ ಪಟ್ಟಿಯಿಂದಲೇ. ಅರಬ್ಬೀ ಸಮುದ್ರದ ಪೂರ್ವಪಾರ್ಶ್ವದಲ್ಲಿ ಕನ್ಯಾಕುಮಾರಿಯಿಂದ ಗುಜರಾತಿನವರೆಗೆ ಹಬ್ಬಿರುವ ಭಾರತದ ಪಶ್ಚಿಮ ಕರಾವಳಿಯು, ಅದರಲ್ಲಿಯೂ ಕೇರಳ, ಕರ್ನಾಟಕ, ಗೋವೆಗಳ ಮುಂದಿರುವ ಅದರ ನೈರುತ್ಯ ಭಾಗವು, ಮೀನಿನ ಸಮೃದ್ಧಿಗೂ ಆ ಸಮೃದ್ಧಿಯ ಅಸ್ಥಿರತೆಗೂ ಸಮಾನವಾಗಿ ಹೆಸರುವಾಸಿಯಾದದ್ದು. ಇದರಲ್ಲಿ ತಲಪಾಡಿಯಿಂದ ಮಾಜಾಳಿಯವರೆಗಿನ ಸುಮಾರು 300 ಕಿ.ಮೀ. ಉದ್ದದ ತೀರ ಕರ್ನಾಟಕಕ್ಕೆ ಸೇರಿದೆ. ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಸಮುದಾಯಗಳು ತಲೆತಲಾಂತರದಿಂದ ಇಲ್ಲಿ ಬಲೆ ಬೀಸುತ್ತ ಬಂದಿವೆ. ಅವರ ಅನುಭವಜ್ಞಾನವು ಬಲ್ಲ ಸಂಗತಿಗಳಿಗೆ ಕಾರಣವನ್ನು ಹುಡುಕುವ ಉದ್ಯಮವಾಗಿ ಆರಂಭವಾದ ಈ ತೀರದ ಸಮುದ್ರವಿಜ್ಞಾನವು ಶತಮಾನಕ್ಕೂ ಮಿಕ್ಕ ಪರಿಶ್ರಮದಿಂದ ಸ್ಥಾಪಿಸಿರುವ ಮುಖ್ಯ ತತ್ತ್ವ ಒಂದೇ: ಕಡಲಿನ ಮತ್ಸ್ಯಸಂಪತ್ತು ಸ್ಥಿರನಿಧಿಯಲ್ಲ, ಅದು ಮಾರುತ, ಪ್ರವಾಹ, ಲವಣ, ಪ್ರಾಣವಾಯುಗಳ ವಾರ್ಷಿಕ ಚಕ್ರಕ್ಕೆ ಅಧೀನವಾದ ಹುಟ್ಟುವಳಿ, ಮೀನನ್ನು ಹಿಡಿಯುವವನಂತೆಯೇ ಸಾಕುವವನೂ ಆ ಚಕ್ರಕ್ಕೆ ಒಳಗಾದವನೇ.

ಕಡಲಿನ ಭೌತಸ್ಥಿತಿ: ಈ ತೀರದ ಖಂಡಾವರಣವು ದಕ್ಷಿಣದಲ್ಲಿ ಕಿರಿದಾಗಿದ್ದು, ಉತ್ತರಕ್ಕೆ ಸರಿದಂತೆಲ್ಲ ಅಗಲವಾಗುತ್ತ, ಮುಂಬಯಿಯ ಮುಂದೆ ಸುಮಾರು 300 ಕಿ.ಮೀ.ಗಳಷ್ಟು ಚಾಚಿಕೊಂಡಿದೆ. ಇಲ್ಲಿನ ನೀರಿನ ಚಲನೆಯನ್ನು ನಿಯಮಿಸುವುದು ಮುಖ್ಯವಾಗಿ ಮಾನ್ಸೂನ್ ಮಾರುತ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತವು ಬೀಸುತ್ತಿರುವಾಗ ತೀರದ ಪ್ರವಾಹವು ದಕ್ಷಿಣಾಭಿಮುಖವಾಗಿ ಹರಿಯುತ್ತದೆ. ಗಾಳಿಯ ಒತ್ತಡವೂ ಭೂಮಿಯ ಆವರ್ತನವೂ ಕೂಡಿ ಮೇಲ್ಪದರದ ನೀರನ್ನು ದಡದಿಂದ ಹೊರಕ್ಕೆ ತಳ್ಳುವುದರಿಂದ, ಆ ತೆರವನ್ನು ತುಂಬಲು ಆಳದ ತಂಪಾದ ನೀರು ಖಂಡಾವರಣದ ಇಳಿಜಾರನ್ನೇರಿ ಬರುತ್ತದೆ. ತಳದ ನೀರಿನ ಈ ಮೇಲೇರಿಕೆಯು ಮೊದಲು ದಕ್ಷಿಣದ ತುದಿಯಲ್ಲಿ ಕಾಣಿಸಿಕೊಂಡು, ಕ್ರಮೇಣ ಉತ್ತರಕ್ಕೆ ವ್ಯಾಪಿಸುತ್ತದೆ. ಇದಕ್ಕೆ ಸ್ಥಳೀಯ ಗಾಳಿಯೊಂದೇ ಕಾರಣವಲ್ಲವೆಂದೂ, ದೂರದ ಬಂಗಾಳ ಕೊಲ್ಲಿಯ ಗಾಳಿಗಳಿಂದ ಹುಟ್ಟಿ ದಡವನ್ನೇ ಅನುಸರಿಸಿ ಸಾಗಿಬರುವ ದೀರ್ಘ ತರಂಗಗಳ ಪ್ರಭಾವವೂ ಇದರಲ್ಲಿ ಸೇರಿದೆಯೆಂದೂ ಈಚಿನ ಅಧ್ಯಯನಗಳು ತೋರಿಸಿಕೊಟ್ಟಿವೆ. ಚಳಿಗಾಲದಲ್ಲಿ ಪ್ರವಾಹದ ದಿಕ್ಕು ತಿರುಗಿ, ಬಂಗಾಳ ಕೊಲ್ಲಿಯ ಕಡಮೆ ಉಪ್ಪಿನ ನೀರನ್ನು ಹೊತ್ತು ಉತ್ತರಕ್ಕೆ ಹರಿಯುತ್ತದೆ. ಆಗ ಮೇಲೇರಿಕೆ ನಿಂತು ತೀರದ ನೀರು ಕೆಳಕ್ಕಿಳಿಯುವ ಪ್ರವೃತ್ತಿಯನ್ನು ತೋರುತ್ತದೆ. ಒಂದೇ ತೀರದಲ್ಲಿ ವರ್ಷಕ್ಕೆರಡು ಸಲ ಹೀಗೆ ಪ್ರವಾಹವು ಹಿಂದುಮುಂದಾಗುವುದು ಜಗತ್ತಿನ ಬೇರೆ ಬಹುತೇಕ ಕರಾವಳಿಗಳಲ್ಲಿ ಕಾಣದ ವಿಶೇಷ.

ಮೇಲೇರಿ ಬರುವ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಮೊದಲಾದ ಪೋಷಕ ಲವಣಗಳು ಸಮೃದ್ಧವಾಗಿರುತ್ತವೆ. ಅಂತೆಯೇ ಅದರಲ್ಲಿ ಪ್ರಾಣವಾಯುವಿನ ಅಂಶ ಅತ್ಯಲ್ಪವಾಗಿರುತ್ತದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರ್ ಆಳದವರೆಗೆ ಪ್ರಾಣವಾಯು ಬಹುಮಟ್ಟಿಗೆ ನಶಿಸಿದ ಒಂದು ವಿಶಾಲ ಸ್ತರವಿದ್ದು, ಅದರ ಮೇಲಂಚಿನ ನೀರೇ ಮಳೆಗಾಲದಲ್ಲಿ ತೀರದ ಕಡೆಗೆ ಹತ್ತಿಬರುವುದು ಇದಕ್ಕೆ ಕಾರಣ. ಪಶ್ಚಿಮ ಘಟ್ಟಗಳ ಮಳೆಯನ್ನು ಹೊತ್ತುತರುವ ನದಿಗಳ ಸಿಹಿನೀರು ಕಡಲಿನ ಮೇಲೆ ತೆಳುವಾದ ಪದರವಾಗಿ ಹರಡಿ ನಿಲ್ಲುವುದರಿಂದ, ವಾಯುಮಂಡಲದ ಆಮ್ಲಜನಕವು ಕೆಳಗಿನ ನೀರಿಗೆ ಬೆರೆಯುವುದಕ್ಕೂ ತಡೆಯುಂಟಾಗುತ್ತದೆ. ಕಾರ್ಲ್ ಬ್ಯಾನ್ಸೆ ಎಂಬ ವಿಜ್ಞಾನಿಯು 1959ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಳೆಗಾಲದಲ್ಲಿ ಈ ನೀರು ಖಂಡಾವರಣದ ತಳವನ್ನು ಆವರಿಸಿದಾಗ ತಳವಾಸಿ ಮೀನುಗಳು ಆ ಸ್ಥಳವನ್ನು ಬಿಟ್ಟು ಹೋಗುವುದರಿಂದಲೇ ತಳದಲ್ಲಿ ಎಳೆಯುವ ಟ್ರಾಲ್ ಬಲೆಗಳಿಗೆ ಮೀನು ದೊರೆಯದೆ ಹೋಗುತ್ತದೆಂದು ವಿವರಿಸಿದನು. ಸಮೃದ್ಧಿಯನ್ನು ತರುವ ನೀರೇ ಉಸಿರುಗಟ್ಟಿಸುವ ನೀರೂ ಆಗಿರುವ ಈ ದ್ವಂದ್ವವು ಪಶ್ಚಿಮ ಕರಾವಳಿಯ ಜೀವವಿಜ್ಞಾನಕ್ಕೆಲ್ಲ ಬೀಗದ ಕೈಯಿದ್ದಂತೆ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಕ್ವಿ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಸಂಶೋಧನೆಯು, ಈ ಖಂಡಾವರಣದ ಮೇಲಿನ ಪ್ರಾಣವಾಯುಹೀನತೆ ತೀವ್ರವಾಗುತ್ತಿರುವುದನ್ನೂ, ಅದರ ಪರಿಣಾಮವಾಗಿ ಶಾಖವನ್ನು ಹಿಡಿದಿಡುವ ನೈಟ್ರಸ್ ಆಕ್ಸೈಡ್ ಅನಿಲವು ಇಲ್ಲಿಂದ ಹೆಚ್ಚಾಗಿ ಹೊರಬರುತ್ತಿರುವುದನ್ನೂ ಲೋಕದ ಗಮನಕ್ಕೆ ತಂದಿತು. ಹೊಲಗಳ ಗೊಬ್ಬರವೂ ನಗರಗಳ ಕೊಳಚೆಯೂ ನದಿಗಳ ಮೂಲಕ ಕಡಲನ್ನು ಸೇರುತ್ತಿರುವುದು ಈ ತೀವ್ರತೆಗೆ ಕಾರಣವಾಗಿರಬಹುದೆಂಬುದು ಅವರ ಅಭಿಪ್ರಾಯ.

ಪ್ಲವಕಗಳು ಮತ್ತು ಕೆಂಪುನೀರು: ನೀರಿನೊಡನೆ ತೇಲುತ್ತ ಅದರ ಚಲನೆಯಂತೆ ಸಾಗುವ ಸೂಕ್ಷ್ಮಜೀವಿಗಳಿಗೆ ಪ್ಲವಕಗಳೆಂದು ಹೆಸರು. ಇವುಗಳಲ್ಲಿ ಸೂರ್ಯಪ್ರಕಾಶದಿಂದ ಸ್ವತಃ ಆಹಾರವನ್ನು ತಯಾರಿಸಿಕೊಳ್ಳುವ ಸಸ್ಯಪ್ಲವಕಗಳೂ, ಅವುಗಳನ್ನು ತಿಂದು ಬದುಕುವ ಪ್ರಾಣಿಪ್ಲವಕಗಳೂ ಸೇರುತ್ತವೆ. ಮಳೆಗಾಲದ ಮೇಲೇರಿಕೆಯು ಪೋಷಕ ಲವಣಗಳನ್ನು ಬೆಳಕಿನ ಸ್ತರಕ್ಕೆ ಒದಗಿಸಿದ ಕೂಡಲೆ, ಸಿಲಿಕಾಮಯ ಕವಚವುಳ್ಳ ಡಯಾಟಮ್‌ಗಳು ಅಪರಿಮಿತವಾಗಿ ವೃದ್ಧಿಹೊಂದುತ್ತವೆ, ಕಲ್ಲಿಕೋಟೆಯಲ್ಲಿ ಆರ್. ಸುಬ್ರಹ್ಮಣ್ಯನ್ ಅವರು ವರ್ಷಗಟ್ಟಲೆ ನಡೆಸಿದ ಅಧ್ಯಯನದಿಂದ ಈ ವೃದ್ಧಿಯ ಕಾಲಕ್ರಮವೂ ಅದರಲ್ಲಿ ಭಾಗಿಗಳಾದ ಜಾತಿಗಳೂ ಮೊತ್ತಮೊದಲಿಗೆ ವ್ಯವಸ್ಥಿತವಾಗಿ ತಿಳಿದುಬಂದವು. ಉತ್ತರ ಅರಬ್ಬೀ ಸಮುದ್ರದಲ್ಲಿ ಇದೇ ಕಾರ್ಯವನ್ನು ಚಳಿಗಾಲದ ಒಣಗಾಳಿ ನೆರವೇರಿಸುತ್ತದೆ: ಮೇಲ್ಪದರದ ನೀರು ತಂಪಾಗಿ ಭಾರವೇರಿ ಕೆಳಗಿಳಿದಾಗ ಆಳದ ಲವಣಗಳು ಮೇಲಕ್ಕೆ ಬೆರೆತು ಜೀವೋತ್ಪಾದನೆ ಹೆಚ್ಚುತ್ತದೆಂಬುದನ್ನು ಎಂ. ಮಧುಪ್ರತಾಪ್ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಸ್ಥಾಪಿಸಿದರು.

ಪ್ಲವಕಗಳ ಅತಿವೃದ್ಧಿ ಎಲ್ಲ ಕಾಲದಲ್ಲಿಯೂ ಹಿತಕರವಲ್ಲ. ಕೆಲವು ಜೀವಿಗಳು ಮಿತಿಮೀರಿ ಬೆಳೆದಾಗ ನೀರು ಕೆಂಪು, ಕಂದು ಅಥವಾ ಹಸುರು ಬಣ್ಣಕ್ಕೆ ತಿರುಗಿ, ಮೀನುಗಳು ಅಲ್ಲಿಂದ ಚದುರಿಹೋಗುವುದುಂಟು. ಕೆಲವೊಮ್ಮೆ ಸತ್ತು ದಡಕ್ಕೆ ಬೀಳುವುದೂ ಉಂಟು. ಮೈಸೂರು ಸಂಸ್ಥಾನದ ಸಿಹಿನೀರಿನ ಮೀನುಗಳನ್ನು ಮೊದಲು ಅಭ್ಯಸಿಸಿ ಅನಂತರ ಕಡಲಿನ ಕಡೆಗೆ ಗಮನವನ್ನು ಹರಿಸಿದ ಬಿ. ಎಸ್. ಭೀಮಾಚಾರ್ ಅವರು, ಪಿ. ಸಿ. ಜಾರ್ಜ್ ಅವರೊಡನೆ ಕೂಡಿ 1950ರಲ್ಲಿ ಪ್ರಕಟಿಸಿದ ಲೇಖನವು ಮಲಬಾರ್ ಮತ್ತು ಕನ್ನಡ ತೀರಗಳಲ್ಲಿ ಮೀನುಗಾರಿಕೆಗೆ ಆಗಾಗ ಒದಗುತ್ತಿದ್ದ ಆಕಸ್ಮಿಕ ಹಿನ್ನಡೆಗಳಿಗೆ ಈ ಕೆಂಪುನೀರೇ ಕಾರಣವಾಗಿರುವ ಸಂಭವವನ್ನು ಪ್ರತಿಪಾದಿಸಿತು. ರಾತ್ರಿಯಲ್ಲಿ ಅಲೆಗಳಿಗೆ ಮಿಣುಕುವ ಬೆಳಕನ್ನು ಕೊಡುವ ನಾಕ್ಟಿಲ್ಯೂಕ ಎಂಬ ಏಕಕೋಶಜೀವಿ ಇಂಥ ಪ್ರಸಂಗಗಳಲ್ಲಿ ಪದೇ ಪದೇ ಕಾಣಬರುತ್ತದೆ. ಅದರ ಹಸುರು ಬಗೆಯು ಈಚಿನ ದಶಕಗಳಲ್ಲಿ ಉತ್ತರ ಅರಬ್ಬೀ ಸಮುದ್ರದಲ್ಲಿ ಚಳಿಗಾಲದ ಹೊತ್ತಿಗೆ ವ್ಯಾಪಕವಾಗಿ ಹರಡುತ್ತಿರುವುದು ಉಪಗ್ರಹಚಿತ್ರಗಳಿಂದಲೂ ವಿದಿತವಾಗಿದೆ.

ಸಂಶೋಧನೆಯ ಇತಿಹಾಸ: ಭಾರತದ ಕಡಲಮೀನುಗಳ ಶಾಸ್ತ್ರೀಯ ವರ್ಣನೆಯು ವಿಶಾಖಪಟ್ಟಣದ ಇನ್ನೂರು ಮೀನುಗಳನ್ನು ಕುರಿತು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು 1803ರಲ್ಲಿ ಹೊರತಂದ ಸಚಿತ್ರ ಗ್ರಂಥದೊಂದಿಗೆ ಆರಂಭವಾಗುತ್ತದೆನ್ನಬಹುದು. ಮದರಾಸು ಸೈನ್ಯದ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1865ರಲ್ಲಿ ಮಲಬಾರಿನ ಮೀನುಗಳನ್ನು ಕುರಿತ ಗ್ರಂಥವನ್ನೂ, 1875ರಿಂದ 1878ರವರೆಗೆ ಭಾರತದ ಮೀನುಗಳೆಂಬ ಮಹಾಗ್ರಂಥವನ್ನೂ ಪ್ರಕಟಿಸಿ, ಮುಂದಿನ ತಲೆಮಾರುಗಳಿಗೆಲ್ಲ ಆಧಾರವನ್ನು ಒದಗಿಸಿದನು. ಇನ್ವೆಸ್ಟಿಗೇಟರ್ ಎಂಬ ಸರ್ವೇಕ್ಷಣ ನೌಕೆಯಲ್ಲಿ ವೈದ್ಯಾಧಿಕಾರಿಯೂ ಪ್ರಕೃತಿಶಾಸ್ತ್ರಜ್ಞನೂ ಆಗಿ ಸಂಚರಿಸಿದ ಆಲ್ಫ್ರೆಡ್ ಆಲ್ಕಾಕ್ ಆಳದ ಕಡಲಿನ ಜೀವಿಗಳನ್ನು ಪರಿಚಯಿಸಿದನು. ಆದರೆ ಹೆಸರಿಡುವುದರಿಂದ ಮುಂದುವರಿದು, ಮೀನು ಏಕೆ ಬರುತ್ತದೆ, ಏಕೆ ಬಾರದೆ ಹೋಗುತ್ತದೆ ಎಂಬ ಪ್ರಶ್ನೆಯನ್ನೆತ್ತಿದ ಕೀರ್ತಿ ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಗೆ ಸಲ್ಲತಕ್ಕದ್ದು. ಆಗ ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡವೂ ಇದರ ಕಾರ್ಯಕ್ಷೇತ್ರಕ್ಕೆ ಒಳಪಟ್ಟಿತ್ತು. ಫ್ರೆಡರಿಕ್ ನಿಕೊಲ್ಸನ್ 1905ರಲ್ಲಿ ಆರಂಭಿಸಿದ ಈ ಕಾರ್ಯವನ್ನು ಜೇಮ್ಸ್ ಹಾರ್ನೆಲ್ ವೈಜ್ಞಾನಿಕವಾಗಿ ವಿಸ್ತರಿಸಿದನು. ಹಾರ್ನೆಲ್ ಮತ್ತು ನಾಯುಡು 1920ರ ದಶಕದ ಆದಿಯಲ್ಲಿ ಪ್ರಕಟಿಸಿದ ಪ್ರಬಂಧವು ಬೂತಾಯಿ ಮೀನಿನ ಜೀವನಚರಿತ್ರೆಯನ್ನು ಮಲಬಾರ್ ತೀರದ ಪ್ಲವಕಗಳೊಡನೆ ಜೋಡಿಸಿ ನೋಡಿದ ಮೊದಲ ಕೃತಿ.

1933 ಮತ್ತು 1934ರಲ್ಲಿ ಸೀಮೂರ್ ಸೆವೆಲ್ ಅವರ ನಾಯಕತ್ವದಲ್ಲಿ ಈಜಿಪ್ಟಿನ ಮಬಾಹಿಸ್ ನೌಕೆಯ ಮೇಲೆ ನಡೆದ ಜಾನ್ ಮರ್ರೆ ಸಂಶೋಧನಯಾತ್ರೆಯು ಅರಬ್ಬೀ ಸಮುದ್ರದ ಮಧ್ಯಸ್ತರಗಳಲ್ಲಿ ಪ್ರಾಣವಾಯು ಎಷ್ಟು ವಿರಳವೆಂಬುದನ್ನು ಪ್ರಮಾಣಪೂರ್ವಕವಾಗಿ ಬೆಳಕಿಗೆ ತಂದಿತು. ಸ್ವಾತಂತ್ರ್ಯದ ವರ್ಷವಾದ 1947ರ ಫೆಬ್ರವರಿಯಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಇದು ಮದರಾಸಿನಿಂದ ಮಂಟಪಕ್ಕೂ, 1971ರಲ್ಲಿ ಅಲ್ಲಿಂದ ಕೊಚ್ಚಿಗೂ ತನ್ನ ಕೇಂದ್ರವನ್ನು ಬದಲಾಯಿಸಿತು, ಎನ್. ಕೇಶವ ಪಣಿಕ್ಕರ್, ಎಸ್. ಜೋನ್ಸ್, ಎಸ್. ಜೆಡ್. ಖಾಸಿಂ, ಇ. ಜಿ. ಸೈಲಾಸ್ ಮೊದಲಾದ ಸಮರ್ಥರು ಇದರ ನಿರ್ದೇಶಕರಾಗಿದ್ದವರು. ಕಾರವಾರ ಮತ್ತು ಮಂಗಳೂರುಗಳಲ್ಲಿ ಇದರ ಕೇಂದ್ರಗಳಿದ್ದು, ಕಾರವಾರದ ಬಂಗುಡೆ ಮೀನುಗಾರಿಕೆಯನ್ನು ಕುರಿತು ಎಲ್. ಬಿ. ಪ್ರಧಾನ್ ಅವರು 1956ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ತೀರದ ಮಟ್ಟಿಗೆ ಅಡಿಗಲ್ಲಿನಂಥದು. ಈ ಸಂಸ್ಥೆಯ ಅತ್ಯಂತ ಮೌಲಿಕವಾದ ಕಾರ್ಯ ಮಾತ್ರ ಪ್ರಯೋಗಶಾಲೆಗಿಂತ ಹೆಚ್ಚಾಗಿ ದಡದ ಮೇಲೆ ನಡೆಯುತ್ತದೆ: ಸಹಸ್ರಾರು ದೋಣಿಗಳು ಚದುರಿದ ನೆಲೆಗಳಲ್ಲಿ ಇಳಿಸುವ ಮೀನನ್ನೆಲ್ಲ ತೂಗುವುದು ಅಸಾಧ್ಯವಾದುದರಿಂದ, ತೀರವನ್ನು ವಲಯಗಳಾಗಿಯೂ ತಿಂಗಳನ್ನು ಅವಧಿಗಳಾಗಿಯೂ ವಿಂಗಡಿಸಿ, ಯಾದೃಚ್ಛಿಕವಾಗಿ ಆರಿಸಿದ ನೆಲೆಗಳಲ್ಲಿ ಆರಿಸಿದ ದಿನಗಳಂದು ಮಾದರಿ ದೋಣಿಗಳ ಮೀನನ್ನು ಲೆಕ್ಕಹಾಕಿ, ಅದರಿಂದ ಒಟ್ಟು ಮೊತ್ತವನ್ನು ಅಂದಾಜುಮಾಡುವ ಬಹುಹಂತದ ಮಾದರಿ ಪದ್ಧತಿಯನ್ನು ಅದು ರೂಪಿಸಿ ಎಡೆಬಿಡದೆ ನಡೆಸಿಕೊಂಡು ಬಂದಿದೆ. ಉಷ್ಣವಲಯದ ಕಡಲೊಂದರ ಬಗೆಗೆ ಇಷ್ಟು ದೀರ್ಘವಾದ ದಾಖಲೆ ಇರುವುದು ವಿರಳ.

ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನಯಾತ್ರೆಯು 1965ರಲ್ಲಿ ಮುಗಿಯುವಷ್ಟರಲ್ಲಿ ಸುಮಾರು 40 ಹಡಗುಗಳು ಈ ಸಾಗರವನ್ನು ಅಳೆದಿದ್ದವು. ಭಾರತೀಯ ನೌಕಾದಳದ ಕಿಸ್ತ್ನ ನೌಕೆಯೂ ಅವುಗಳಲ್ಲೊಂದು. ಆ ಯಾತ್ರೆಯ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಜನ್ಮತಾಳಿತು. ಪಣಿಕ್ಕರ್ ಅವರೇ ಇದರ ಪ್ರಥಮ ನಿರ್ದೇಶಕರು. ಇದರ ಪ್ರಧಾನ ಕೇಂದ್ರ ಗೋವೆಯ ದೋನಾ ಪಾವ್ಲದಲ್ಲಿದೆ. ಗವೇಷಣಿ, ಸಾಗರ ಕನ್ಯಾ, ಸಾಗರ ಸಂಪದಾ ಎಂಬ ಸಂಶೋಧನ ನೌಕೆಗಳು ಅನಂತರದ ಎರಡು ದಶಕಗಳಲ್ಲಿ ಕ್ರಮವಾಗಿ ಸೇವೆಗೆ ಬಂದವು. ಮೀನನ್ನು ಸಂಸ್ಕರಿಸುವ ಮತ್ತು ಬಲೆದೋಣಿಗಳನ್ನು ಉತ್ತಮಪಡಿಸುವ ವಿಷಯಗಳಿಗಾಗಿ 1957ರಲ್ಲಿ ಕೊಚ್ಚಿಯಲ್ಲಿ ಒಂದು ಕೇಂದ್ರೀಯ ಸಂಸ್ಥೆಯೂ, ಚೌಳುನೀರಿನ ಕೃಷಿಗಾಗಿ 1987ರಲ್ಲಿ ಮದರಾಸಿನಲ್ಲಿ ಇನ್ನೊಂದು ಸಂಸ್ಥೆಯೂ ಆರಂಭವಾದವು. ಈ ಸಾಲಿನಲ್ಲಿ ಕರ್ನಾಟಕಕ್ಕೆ ವಿಶೇಷ ಗೌರವವನ್ನು ತಂದದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿ 1969ರಲ್ಲಿ ಸ್ಥಾಪಿತವಾದ ಇದು ಭಾರತದಲ್ಲಿ ಈ ಶಾಸ್ತ್ರಕ್ಕೆ ಮೀಸಲಾದ ಮೊದಲ ಕಾಲೇಜು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ನಡೆಸುತ್ತ ಬಂದ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವೂ ಕಾಳಿ ಅಳಿವೆಯ ಜೀವಿಗಳ ಅಧ್ಯಯನಕ್ಕೆ ಗಣನೀಯವಾದ ಕೊಡುಗೆಯನ್ನಿತ್ತಿದೆ.

ಬೂತಾಯಿ ಮತ್ತು ಬಂಗುಡೆ: ಈ ಕಡಲಿನಲ್ಲಿ ನೂರಾರು ಜಾತಿಯ ಮೀನುಗಳಿದ್ದರೂ, ಬಡವನ ಊಟಕ್ಕೂ ಮೀನುಗಾರನ ಸಂಪಾದನೆಗೂ ಆಧಾರವಾಗಿ, ಸಂಶೋಧಕರನ್ನೂ ಶತಮಾನಕಾಲ ಕಾಡಿದವು ಎರಡೇ. ಸಾರ್ಡಿನೆಲ್ಲ ಲಾಂಜಿಸೆಪ್ಸ್ ಎಂಬ ಶಾಸ್ತ್ರನಾಮದ ಬೂತಾಯಿಯನ್ನು ಉತ್ತರ ಕನ್ನಡದ ಕಡೆ ತಾರ್ಲಿ ಎಂದೂ ಕರೆಯುತ್ತಾರೆ. ಇದು ಎರಡೂವರೆ ಮೂರು ವರ್ಷಗಳಿಗಿಂತ ಹೆಚ್ಚು ಬಾಳುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗಾಗಿ ಸುಮಾರು 15 ಸೆಂ.ಮೀ. ಉದ್ದಕ್ಕೆ ಬೆಳೆದು ಪ್ರಾಯಕ್ಕೆ ಬರುತ್ತದೆ. ಮಳೆಗಾಲದಲ್ಲಿ, ವಿಶೇಷವಾಗಿ ಮೇಲೇರಿಕೆಯ ಉತ್ಕರ್ಷಕಾಲದಲ್ಲಿ, ಮೊಟ್ಟೆಯಿಡುತ್ತದೆ. ಕಿವಿರುಗಳಲ್ಲಿರುವ ದಟ್ಟವಾದ ಜರಡಿಯ ಮೂಲಕ ನೀರನ್ನು ಸೋಸಿ ಡಯಾಟಮ್‌ಗಳನ್ನು ನೇರವಾಗಿ ಭಕ್ಷಿಸುವುದರಿಂದ, ಇದು ಆಹಾರಸರಪಳಿಯ ಕೆಳಗಿನ ಕೊಂಡಿಯಲ್ಲಿದ್ದು ಅಪಾರ ಸಂಖ್ಯೆಗೆ ವೃದ್ಧಿಯಾಗಬಲ್ಲದು. ಮಳೆಗಾಲ ಮುಗಿದ ತರುವಾಯ ಇದರ ಮೈಯಲ್ಲಿ ಸಂಗ್ರಹವಾಗುವ ಕೊಬ್ಬಿನಿಂದ ಎಣ್ಣೆಯನ್ನು ತೆಗೆಯುವ ಉದ್ಯಮವೂ, ಉಳಿದ ಹಿಂಡಿಯನ್ನು ತೆಂಗಿನ ತೋಟಗಳಿಗೆ ಗೊಬ್ಬರವಾಗಿ ಬಳಸುವ ಪದ್ಧತಿಯೂ ಒಂದು ಕಾಲದಲ್ಲಿ ಈ ತೀರದಲ್ಲೆಲ್ಲ ಪ್ರಚುರವಾಗಿದ್ದವು. ರಾಸ್ಟ್ರೆಲ್ಲಿಜರ್ ಕನಗುರ್ಟ ಎಂಬ ಬಂಗುಡೆಯಾದರೋ ಸಸ್ಯಪ್ಲವಕದೊಂದಿಗೆ ಪ್ರಾಣಿಪ್ಲವಕವನ್ನೂ ತಿಂದು ಬೆಳೆಯುವ ಮೀನು. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಗುಂಪುಗುಂಪಾಗಿ ದಡವನ್ನು ಸಮೀಪಿಸುತ್ತದೆ. ಇವನ್ನು ಹಿಡಿಯಲು ಕನ್ನಡ ತೀರದಲ್ಲಿ ಪ್ರಸಿದ್ಧವಾಗಿದ್ದ ಸಾಧನ ರಂಪಣಿ. ದಡದಿಂದ ಹೊರಟು ಮೀನಿನ ಗುಂಪನ್ನು ಬಳಸಿ ಮತ್ತೆ ದಡಕ್ಕೆ ಬರುವ ಈ ವಿಶಾಲವಾದ ಎಳೆಬಲೆಯನ್ನು ಹಲವು ಮನೆತನಗಳು ಕೂಡಿ ಹೊಂದಿದ್ದು, ಹತ್ತಾರು ಜನ ಎರಡೂ ಕಡೆಯಿಂದ ಹಗ್ಗ ಹಿಡಿದು ಎಳೆದು, ದೊರೆತ ಮೀನನ್ನು ಪಾಲುಮಾಡಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯಭಾಗದಲ್ಲಿ ಯಂತ್ರದೋಣಿಯಿಂದ ಬೀಸುವ ಪರ್ಸೀನ್ ಬಲೆ ಬಂದ ಮೇಲೆ, ಗುಂಪುಗಳು ದಡವನ್ನು ಸೇರುವ ಮುನ್ನವೇ ಹಿಡಿಯಲ್ಪಟ್ಟು ರಂಪಣಿ ಬಹುಬೇಗ ಮೂಲೆಗುಂಪಾಯಿತು.

ಈ ಎರಡು ಮೀನುಗಳ ಇಳುವರಿ ವರ್ಷದಿಂದ ವರ್ಷಕ್ಕೆ ವಿಪರೀತವಾಗಿ ಏರಿಳಿಯುತ್ತದೆ. 1940ರ ದಶಕದಲ್ಲಿ ಬೂತಾಯಿ ತೀರ ಕ್ಷೀಣಿಸಿದುದರಿಂದ ಮದರಾಸು ಸರಕಾರವು 1943ರಲ್ಲಿ ಅದರ ಬೇಟೆಗೆ ಕೆಲವು ನಿರ್ಬಂಧಗಳನ್ನು ವಿಧಿಸಿತ್ತು. ಈಚಿನ ನಿದರ್ಶನವನ್ನು ಹೇಳುವುದಾದರೆ, ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ನುಗಳಷ್ಟು ದೊರೆತ ಬೂತಾಯಿ 2021ರಲ್ಲಿ 3,297 ಟನ್ನುಗಳಿಗೆ ಇಳಿಯಿತು. ಇದರ ಕಾರಣವನ್ನು ಕುರಿತು ಎರಡು ಪಕ್ಷಗಳುಂಟು. ಮಿತಿಮೀರಿದ ಬೇಟೆಯೇ, ಅದರಲ್ಲಿಯೂ ಮರಿಮೀನುಗಳ ಸಂಹಾರವೇ ಕಾರಣವೆಂಬುದು ಒಂದು ಪಕ್ಷ. ಪ್ರಕೃತಿಯ ವ್ಯತ್ಯಾಸವೇ ಕಾರಣವೆಂಬುದು ಇನ್ನೊಂದು. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಮೀನಿನ ಒಂದು ಪೀಳಿಗೆಯ ಬಲಾಬಲವು ಮೊಟ್ಟೆಗಳ ಸಂಖ್ಯೆಯಿಂದ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ, ಆಗತಾನೆ ಒಡೆದು ಹೊರಬಂದ ಡಿಂಭಗಳಿಗೆ ಸಕಾಲದಲ್ಲಿ ಯೋಗ್ಯವಾದ ಆಹಾರ ಸಿಗುವುದೋ ಇಲ್ಲವೋ ಎಂಬುದರಿಂದ ನಿರ್ಧಾರವಾಗುತ್ತದೆ. ಬೂತಾಯಿಗೆ ಈ ತತ್ತ್ವವು ಚೆನ್ನಾಗಿ ಅನ್ವಯಿಸುತ್ತದೆ: ಮೇಲೇರಿಕೆ ಬಹಳ ಮಂದವಾದರೆ ಡಯಾಟಮ್‌ಗಳು ಸಾಲವು, ಬಹಳ ತೀವ್ರವಾದರೆ ಪ್ರಾಣವಾಯುಹೀನವಾದ ನೀರು ದಡದವರೆಗೂ ನುಗ್ಗಿ ಮೀನನ್ನು ದೂರ ಅಟ್ಟುತ್ತದೆ. ಅಲ್ಪಾಯುವಾದ ಮೀನಿನಲ್ಲಿ ಸತತವಾಗಿ ಎರಡು ದುರ್ಬಲ ಪೀಳಿಗೆಗಳು ಬಂದರೆ ಸಾಕು, ಮೀನುಗಾರಿಕೆ ಕುಸಿಯುತ್ತದೆ. ಅಂಥ ಸಮಯದಲ್ಲಿ ಬಲೆಯ ಒತ್ತಡವೂ ಸೇರಿದರೆ ಚೇತರಿಕೆ ವಿಳಂಬವಾಗುತ್ತದೆ. ಆದ್ದರಿಂದ ಎರಡು ಪಕ್ಷಗಳನ್ನೂ ಪರಸ್ಪರ ವಿರುದ್ಧವೆಂದು ಭಾವಿಸುವುದಕ್ಕಿಂತ, ಪೂರಕವೆಂದು ಗ್ರಹಿಸುವುದೇ ಯುಕ್ತ. ಕಡಲಿನ ತಾಪ ಏರುತ್ತಿರುವಂತೆಯೇ ಬೂತಾಯಿ ತನ್ನ ಪೂರ್ವದ ಸೀಮೆಯನ್ನು ಮೀರಿ ಉತ್ತರಕ್ಕೂ ಪೂರ್ವ ಕರಾವಳಿಗೂ ಹರಡಿರುವುದನ್ನು ಮೇಲೆ ಹೇಳಿದ ದೀರ್ಘ ದಾಖಲೆಯ ಆಧಾರದಿಂದಲೇ ಸಂಶೋಧಕರು ಗುರುತಿಸಿದ್ದಾರೆ.

ಅಳಿವೆಗಳು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಬಳಿ ಕೂಡುವ ಪಂಚನದಿಗಳು, ಸೀತಾ, ಸ್ವರ್ಣಾ, ಗುರುಪುರ, ನೇತ್ರಾವತಿ ಮೊದಲಾದವು ಕರ್ನಾಟಕದ ತೀರದಲ್ಲಿ ಕಡಲನ್ನು ಸೇರುವೆಡೆಗಳಲ್ಲಿ ಅಳಿವೆಗಳನ್ನು ನಿರ್ಮಿಸಿವೆ. ಮಳೆಗಾಲದಲ್ಲಿ ಬಹುಪಾಲು ಸಿಹಿಯಾಗಿಯೂ ಬೇಸಗೆಯಲ್ಲಿ ಬಹುಪಾಲು ಉಪ್ಪಾಗಿಯೂ ಮಾರ್ಪಡುವ ಈ ನೀರಿನಲ್ಲಿ ಬಾಳಬಲ್ಲ ಜೀವಿಗಳ ಜಾತಿಗಳು ಕೆಲವೇ ಆದರೂ ಅವು ಪ್ರಮಾಣದಲ್ಲಿ ವಿಪುಲ. ಕಡಲಿನಲ್ಲಿ ಹುಟ್ಟುವ ಸೀಗಡಿಗಳ ಮರಿಗಳು ಉಬ್ಬರದೊಂದಿಗೆ ಒಳಗೆ ಬಂದು, ಕಾಂಡ್ಲಾ ಬೇರುಗಳ ಮರೆಯಲ್ಲಿ ಬೆಳೆದು, ಪ್ರಾಯವೇರುವ ಹೊತ್ತಿಗೆ ಕಡಲಿಗೆ ಮರಳುತ್ತವೆ. ಅಳಿವೆಯು ಕೆಟ್ಟರೆ ಹೊರಗಿನ ಕಡಲಿನ ಸೀಗಡಿಯೂ ಕ್ಷಯಿಸುವುದು ಇದರಿಂದಲೇ. ಬಳಚು, ಮರುವಾಯಿ ಮೊದಲಾದ ದ್ವಿಕವಾಟಿ ಮೃದ್ವಂಗಿಗಳು ಕೆಸರುಮರಳಿನ ತಳದಲ್ಲಿ ಹಾಸಿಕೊಂಡು, ಇಳಿತದ ಹೊತ್ತಿನಲ್ಲಿ ಅವನ್ನು ಆರಿಸಿ ಮಾರುವ ಅನೇಕ ಕುಟುಂಬಗಳಿಗೆ ಜೀವನೋಪಾಯವಾಗಿವೆ. ಮೂಲ್ಕಿಯ ಅಳಿವೆಯ ಸಿಂಪಿಗಳನ್ನು ಮಂಗಳೂರಿನ ಸಂಶೋಧಕರು ವಿಶೇಷವಾಗಿ ಅಭ್ಯಸಿಸಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಉಪ್ಪುಸಿಹಿಗಳ ಋತುಚಕ್ರ ಇನ್ನೂ ಸಹಜವಾಗಿ ಉಳಿದಿರುವುದರಿಂದ ಅಲ್ಲಿನ ಬಳಚಿನ ಸಂಪತ್ತು ಪ್ರಖ್ಯಾತವಾಗಿದೆ. ವಿದ್ಯುದುತ್ಪಾದನೆಯ ಬಳಿಕ ಬಿಡುವ ನೀರು ವರ್ಷವಿಡೀ ಹರಿದುಬರುವ ಶರಾವತಿಯ ಅಳಿವೆಯಲ್ಲಾದರೋ ಲವಣತೆ ತಗ್ಗಿ ಈ ಜೀವಿಗಳು ಕಡಮೆಯಾಗಿರುವುದನ್ನು ಅಧ್ಯಯನಗಳು ತೋರಿಸಿವೆ. ಅಕ್ಕಪಕ್ಕದ ಈ ಎರಡು ನದಿಗಳ ತಾರತಮ್ಯವು, ಕಡಲಮೀನಿನ ಭವಿಷ್ಯ ಘಟ್ಟದ ಮೇಲಿನ ನಿರ್ಧಾರಗಳಿಂದಲೂ ರೂಪುಗೊಳ್ಳುತ್ತದೆಂಬುದಕ್ಕೆ ಸಾಕ್ಷಿಯಾಗಿದೆ.

ಮತ್ಸ್ಯಕೃಷಿ: ಕರಾವಳಿಯಲ್ಲಿ ಮೀನು ಸಾಕುವುದು ಹೊಸತಲ್ಲ. ಕುಮಟೆಯ ಸುತ್ತಣ ಗಜನಿ ಎಂಬ ಚೌಳು ಭೂಮಿಗಳಲ್ಲಿ ಮಳೆಗಾಲ ಬಂದು ಉಪ್ಪು ತೊಳೆದುಹೋದ ಮೇಲೆ ಚೌಳನ್ನು ಸಹಿಸುವ ಕಗ್ಗ ಎಂಬ ಬತ್ತವನ್ನು ಬಿತ್ತಿ, ಕೊಯ್ಲಾದ ಅನಂತರ ಉಬ್ಬರದ ನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟುಕೊಂಡು, ಅದರೊಡನೆ ಬಂದ ಸೀಗಡಿ ಮೀನುಗಳನ್ನು ಬೇಸಗೆಯವರೆಗೆ ಬೆಳೆಸಿ ಹಿಡಿಯುವ ಕ್ರಮ ಬಹುಕಾಲದಿಂದ ನಡೆದುಬಂದಿದೆ. ಬತ್ತದ ಕೂಳೆ ಮೀನಿಗೂ, ಮೀನಿನ ಮಲ ಬತ್ತಕ್ಕೂ ಪೋಷಣೆಯಾಗುವ ಈ ಪದ್ಧತಿಗೆ ಕೇರಳದ ಪೊಕ್ಕಾಳಿ ಬೇಸಾಯ ಸಜಾತೀಯವಾದುದು. ಆಧುನಿಕ ಕೃಷಿಯು ಇದರಿಂದ ಭಿನ್ನವಾಗುವುದು ಒಂದು ಮುಖ್ಯ ವಿಷಯದಲ್ಲಿ: ಅದು ಮರಿಗಳಿಗಾಗಿ ಉಬ್ಬರವನ್ನು ಕಾಯದೆ, ಬಂಧನದಲ್ಲಿಯೇ ತಳಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಜಪಾನಿನ ಮೊತೊಸಾಕು ಫುಜಿನಾಗ 1934ರಲ್ಲಿ ಸೀಗಡಿಯ ಮೊಟ್ಟೆಗಳನ್ನು ಪ್ರಯೋಗಶಾಲೆಯಲ್ಲಿ ಒಡೆಸಿ ಡಿಂಭಗಳನ್ನು ಸಾಕಿದುದು ಈ ವಿದ್ಯೆಯ ಆದಿ. ಭಾರತದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿ ಅವರು 1957ರಲ್ಲಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದ ಪ್ರಯೋಗ ಸಿಹಿನೀರಿಗೆ ಸಂಬಂಧಿಸಿದ್ದಾದರೂ, ಕಡಲಮೀನಿನ ತಳಿಸಂವರ್ಧನಕ್ಕೂ ಅದು ದಾರಿತೋರಿತು. ಕೇರಳದ ನಾರಕ್ಕಲ್‌ನಲ್ಲಿ 1970ರ ದಶಕದಲ್ಲಿ ಬಿಳಿ ಸೀಗಡಿಯ ಮರಿಗಳ ಉತ್ಪಾದನೆ ಸಾಧ್ಯವಾಯಿತು. ತೂತ್ತುಕುಡಿಯಲ್ಲಿ ಕೆ. ಅಳಗರಸ್ವಾಮಿ ಅವರು 1973ರಲ್ಲಿ ಭಾರತದ ಮುತ್ತಿನ ಸಿಂಪಿಯಿಂದ ದುಂಡನೆಯ ಕೃಷಿಮುತ್ತನ್ನು ಪಡೆದರು. ಬಂಡೆಗಳಿಗೆ ಕಚ್ಚಿಕೊಂಡು ಬೆಳೆಯುವ ಪಚ್ಚಿಲೆ ಎಂಬ ದ್ವಿಕವಾಟಿಯನ್ನು ಹಗ್ಗಗಳಿಗೆ ಸುತ್ತಿ ನೀರಿನಲ್ಲಿ ತೂಗಬಿಟ್ಟು ಬೆಳೆಸುವ ವಿಧಾನವೂ ಅದೇ ದಶಕದಲ್ಲಿ ರೂಪುಗೊಂಡು, ಉತ್ತರ ಕೇರಳದ ಹಿನ್ನೀರುಗಳಲ್ಲಿ ಹೆಂಗಸರ ಸ್ವಸಹಾಯ ಸಂಘಗಳ ಉದ್ಯೋಗವಾಗಿ ಬೇರೂರಿತು.

ಸೀಗಡಿ ಕೃಷಿಯ ಇತಿಹಾಸವು ಲಾಭದ ಕಥೆಯಾದಂತೆಯೇ ಎಚ್ಚರಿಕೆಯ ಕಥೆಯೂ ಹೌದು. 1990ರ ದಶಕದ ಆರಂಭದಲ್ಲಿ ಹುಲಿಸೀಗಡಿಯ ರಫ್ತಿನಿಂದ ದೊರೆಯುವ ಆದಾಯಕ್ಕೆ ಮನಸೋತು ಪೂರ್ವ ಪಶ್ಚಿಮ ತೀರಗಳೆರಡರಲ್ಲಿಯೂ ಕೊಳಗಳು ತ್ವರಿತಗತಿಯಲ್ಲಿ ಎದ್ದವು. ಗಜನಿ ಬಯಲುಗಳಲ್ಲಿಯೂ ಅನೇಕವು ಬತ್ತವನ್ನು ಬಿಟ್ಟು ಸೀಗಡಿಗೆ ಮೀಸಲಾದವು. 1994ರಿಂದೀಚೆಗೆ ಬಿಳಿಚುಕ್ಕೆ ರೋಗದ ವೈರಸ್ಸು ಹಬ್ಬಿ, ಒತ್ತೊತ್ತಾಗಿ ಸಾಕಿದ ಕೊಳಗಳನ್ನು ಕೆಲವೇ ದಿನಗಳಲ್ಲಿ ಬರಿದುಮಾಡುತ್ತ ಬಂದಿತು. ಕೊಳಗಳ ತ್ಯಾಜ್ಯದಿಂದ ಕುಡಿಯುವ ನೀರಿಗೂ ಬೇಸಾಯಕ್ಕೂ ಹಾನಿಯೊದಗುವುದೆಂಬ ದೂರನ್ನು ಆಲಿಸಿದ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 11ರಂದು ನೀಡಿದ ತೀರ್ಪು, ಸಾಂಪ್ರದಾಯಿಕ ಪದ್ಧತಿಗಳನ್ನು ಬಿಟ್ಟು ಉಳಿದ ಸೀಗಡಿ ಕೊಳಗಳನ್ನು ಕರಾವಳಿ ನಿಯಂತ್ರಣ ವಲಯದೊಳಗೆ ನಿಷೇಧಿಸಿತು. 2005ರಲ್ಲಿ ಈ ಕೃಷಿಯನ್ನು ಕ್ರಮಬದ್ಧಗೊಳಿಸಲು ಪ್ರತ್ಯೇಕ ಶಾಸನವೇ ಬಂದು ಒಂದು ಪ್ರಾಧಿಕಾರ ರಚಿತವಾಯಿತು. 2009ರಲ್ಲಿ ಅಮೆರಿಕ ಮೂಲದ ವನ್ನಾಮೈ ಸೀಗಡಿಗೆ ಅನುಮತಿ ದೊರೆತ ತರುವಾಯ, ರೋಗಮುಕ್ತವೆಂದು ಪರೀಕ್ಷಿಸಿದ ತಾಯಿಸೀಗಡಿಗಳನ್ನು ತಂದು ಮರಿಮಾಡುವ ಪದ್ಧತಿಯಿಂದ ಉತ್ಪಾದನೆ ಮತ್ತೆ ಏರಿತು.

ತೆರೆದ ಕಡಲಿನಲ್ಲಿ ಪಂಜರವನ್ನಿರಿಸಿ ಮೀನು ಸಾಕುವ ಪ್ರಯತ್ನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆಯು 2007ರ ಸುಮಾರಿಗೆ ವಿಶಾಖಪಟ್ಟಣದಲ್ಲಿ 15 ಮೀಟರ್ ವ್ಯಾಸದ ಪಂಜರದೊಂದಿಗೆ ಆರಂಭಿಸಿತು. ಅನುಭವದಿಂದ ಇದನ್ನು ಸಣ್ಣದಾಗಿಸಿ, 6 ಮೀಟರ್ ವ್ಯಾಸದ ಮಾದರಿಯನ್ನು ಮೀನುಗಾರರ ಕೈಗೆಟಕುವಂತೆ ಮಾಡಲಾಯಿತು. ಇದಕ್ಕೆ ಬೇಕಾದ ಮರಿಗಳಿಗಾಗಿ ಮಂಟಪದ ಕೇಂದ್ರದಲ್ಲಿ 2010ರಲ್ಲಿ ಕೋಬಿಯಾ ಮೀನನ್ನೂ 2011ರಲ್ಲಿ ಬೆಳ್ಳಿ ಪಾಂಪನೊ ಮೀನನ್ನೂ ಬಂಧನದಲ್ಲಿ ಮೊಟ್ಟೆಯಿಡಿಸಿದುದು ಭಾರತೀಯ ಕಡಲಕೃಷಿಯ ಮಹತ್ತ್ವದ ಘಟ್ಟಗಳು. ಕಾರವಾರದ ಕೇಂದ್ರವು ದ್ವೀಪಗಳ ಮರೆಯಿರುವ ಅಲ್ಲಿನ ಕೊಲ್ಲಿಯಲ್ಲಿ ಈ ಪಂಜರಕೃಷಿಯನ್ನು ಪ್ರಯೋಗಕ್ಕೆ ತಂದಿದೆ. ಆದರೆ ಪಶ್ಚಿಮ ತೀರದಲ್ಲಿ ಮಳೆಗಾಲದ ಅಲೆಗಳ ಅಬ್ಬರವೂ, ಮೊದಲೇ ಹೇಳಿದ ಪ್ರಾಣವಾಯುಹೀನ ನೀರಿನ ಆಕ್ರಮಣವೂ, ಕೆಂಪುನೀರಿನ ಅಪಾಯವೂ ಇರುವುದರಿಂದ, ಸ್ವತಂತ್ರವಾಗಿ ಈಜುವ ಮೀನು ತಪ್ಪಿಸಿಕೊಂಡು ಹೋಗಬಲ್ಲ ಸಂಕಟಕ್ಕೆ ಪಂಜರದ ಮೀನು ಸಿಕ್ಕಿಬೀಳುತ್ತದೆ. ಮಾಂಸಾಹಾರಿ ಮೀನುಗಳನ್ನು ಸಾಕಲು ಬೇಕಾಗುವ ಹಿಂಡಿಗೂ ಎಣ್ಣೆಗೂ ಮತ್ತೆ ಕಡಲಿನ ಸಣ್ಣ ಮೀನುಗಳನ್ನೇ ಆಶ್ರಯಿಸಬೇಕಾಗಿರುವುದರಿಂದ, ಅಂಥ ಕೃಷಿಯು ಕಡಲಿನ ಮೇಲಿನ ಬೇಟೆಯ ಭಾರವನ್ನು ತಗ್ಗಿಸುವುದರ ಬದಲು ಕೆಲವೊಮ್ಮೆ ಹೆಚ್ಚಿಸುವುದೂ ಉಂಟು. ಈ ದೃಷ್ಟಿಯಿಂದ ಹೊರಗಿನ ಮೇವನ್ನು ಬೇಡದ ಪಚ್ಚಿಲೆ, ಸಿಂಪಿ, ಕಡಲಪಾಚಿಗಳ ಕೃಷಿಯೂ, ಸಸ್ಯಾಹಾರಿಯಾದ ಹೂಮೀನಿನ ಸಾಕಣೆಯೂ ಈ ತೀರಕ್ಕೆ ಹೆಚ್ಚು ಅನುರೂಪವಾದುವು.

ನಿಯಂತ್ರಣ ಮತ್ತು ಮುಂದಿನ ದಾರಿ: 1976ರ ಸಾಗರ ವಲಯಗಳ ಶಾಸನದ ಮೂಲಕ ಭಾರತವು ತೀರದಿಂದ 200 ನಾವಿಕಮೈಲಿಗಳವರೆಗಿನ ಕಡಲಿನ ಸಂಪತ್ತಿನ ಮೇಲೆ ಅಧಿಕಾರವನ್ನು ಸ್ಥಾಪಿಸಿಕೊಂಡಿತು, ತೀರದ ಸಮೀಪದ ಮೀನುಗಾರಿಕೆಯನ್ನು ನಿಯಂತ್ರಿಸುವ ಕರ್ನಾಟಕದ ಶಾಸನ 1986ರದು. ಮೀನುಗಳು ಮೊಟ್ಟೆಯಿಡುವ ಕಾಲವಾದ ಜೂನ್ ಜುಲೈ ತಿಂಗಳುಗಳ 61 ದಿನ ಕರ್ನಾಟಕದ ಕರಾವಳಿಯಲ್ಲಿ ಯಂತ್ರದೋಣಿಗಳು ಕಡಲಿಗಿಳಿಯುವುದಿಲ್ಲ. ಪ್ರಖರವಾದ ದೀಪಗಳಿಂದ ಮೀನನ್ನು ಆಕರ್ಷಿಸಿ ಹಿಡಿಯುವುದನ್ನು 2017ರಲ್ಲಿ ನಿಷೇಧಿಸಲಾಯಿತು. ಕೇರಳವು ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಎಂದು ಕನಿಷ್ಠ ಗಾತ್ರವನ್ನು ಗೊತ್ತುಪಡಿಸಿದೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ಉಪಗ್ರಹಗಳಿಂದ ಗ್ರಹಿಸಿದ ನೀರಿನ ತಾಪ ಮತ್ತು ಹಸುರಿನ ಆಧಾರದಿಂದ ಮೀನು ದೊರೆಯಬಹುದಾದ ತಾಣಗಳನ್ನು ದಿನದಿನವೂ ಸೂಚಿಸುತ್ತದೆ. ಇಂಥ ಸೂಚನೆಯಿಂದ ಮೀನುಗಾರನ ಇಂಧನವೂ ಕಾಲವೂ ಉಳಿಯುವುದೇನೋ ನಿಜ. ಆದರೆ ಮೀನನ್ನು ಹುಡುಕುವ ಸಾಮರ್ಥ್ಯ ವೃದ್ಧಿಯಾದಷ್ಟೂ ಅದನ್ನು ಉಳಿಸಿಕೊಳ್ಳುವ ಸಂಯಮವೂ ವೃದ್ಧಿಯಾಗಬೇಕಾಗುತ್ತದೆ. ಮಾನ್ಸೂನನ್ನು ಆಳುವ ಶಕ್ತಿ ಮನುಷ್ಯನಿಗಿಲ್ಲವಾದ್ದರಿಂದ, ಮೀನಿನ ಏರಿಳಿತಗಳನ್ನು ಇಲ್ಲವಾಗಿಸುವುದು ಯಾವ ಶಾಸನದಿಂದಲೂ ಆಗದು. ಇಳಿತದ ವರ್ಷಗಳಲ್ಲಿ ಬಲೆಯ ಒತ್ತಡವನ್ನು ಸಡಿಲಿಸುವುದು, ನದಿಗಳ ನೀರನ್ನೂ ಅಳಿವೆಗಳ ಲವಣಚಕ್ರವನ್ನೂ ಕಾಪಾಡುವುದು, ತೀರದ ಸ್ವಭಾವಕ್ಕೊಪ್ಪುವ ಕೃಷಿಯನ್ನಷ್ಟೇ ವಿಸ್ತರಿಸುವುದು, ಇವು ಮಾತ್ರ ಅವನಿಗೆ ಸಾಧ್ಯ. ಇವೆಲ್ಲಕ್ಕೂ ಆಧಾರವಾದದ್ದು ಬಂದರುಬಂದರುಗಳಲ್ಲಿ ವರ್ಷದಿಂದ ವರ್ಷಕ್ಕೆ ಎಡೆಬಿಡದೆ ಬರೆದಿಡುವ ಲೆಕ್ಕ. ಅದು ಒಮ್ಮೆ ಕಡಿದುಹೋದರೆ ಮತ್ತೆ ಹಿಂದಿನಿಂದ ಕೂಡಿಸಿ ಬರೆಯಲು ಬಾರದಾದುದರಿಂದ, ಅದನ್ನು ಮುಂದುವರಿಸಿಕೊಂಡು ಹೋಗುವುದೇ ಈ ಕಡಲಿನ ವಿಜ್ಞಾನಕ್ಕೆ ಎಲ್ಲಕ್ಕಿಂತ ಮೊದಲಿನ ಕರ್ತವ್ಯ.